ಗಿರಣಿ ಕಾಣದ ಗಿರಣಿಯ ನಾಟಕ

‘ಅಧಾಂತರ’ ಎಂಬ ಮರಾಠಿ ನಾಟಕದ ಹೆಸರಿಗೆ, ಅಂದರೆ ನಡುವೆಯೇ ನೇತಾಡುವ ಸ್ಥಿತಿಗೆ, ಕನ್ನಡದಲ್ಲಿ ಏನೆನ್ನಬೇಕು ಎಂಬ ಒಂದೇ ಪ್ರಶ್ನೆಯಲ್ಲಿ ನನ್ನ ಎರಡು ತಿಂಗಳು ಕಳೆದುಹೋಗಿವೆ. ಮೊದಲು ‘ಅತಂತ್ರ’ ಎಂದು ಬರೆದೆ. ಕಿವಿಗೆ ಹತ್ತಿರ, ಅರ್ಥಕ್ಕೂ ದೂರವಲ್ಲ. ಆದರೆ ಪತ್ರಿಕೆಗಳು ಆ ಪದವನ್ನು ವಿಧಾನಸಭೆಗೆ ಅಂಟಿಸಿ ಎಷ್ಟು ಸವೆಸಿಬಿಟ್ಟಿವೆ ಎಂದರೆ, ನಮ್ಮ ಓದುಕೂಟದಲ್ಲಿ ಶೀರ್ಷಿಕೆ ಕೇಳಿದ ಕೂಡಲೇ ಒಬ್ಬರು ‘ಯಾವ ಚುನಾವಣೆಯದು?’ ಎಂದರು. ಆಮೇಲೆ ‘ತ್ರಿಶಂಕು’ ಎಂದು ತಿದ್ದಿದೆ. ಅದೂ ಒಪ್ಪಲಿಲ್ಲ. ತ್ರಿಶಂಕುವಿಗೆ ನಡು ಆಕಾಶದಲ್ಲಾದರೂ ವಿಶ್ವಾಮಿತ್ರ ಒಂದು ಸ್ವರ್ಗವನ್ನು ಕಟ್ಟಿಕೊಟ್ಟಿದ್ದ. ಮುಂಬಯಿಯ ಗಿರಣಗಾಂವಿನ ಚಾಳಿನ, ಅಂದರೆ ಸಾಲು ಕೋಣೆಗಳ ವಠಾರದ, ಒಂದು ಖೋಲಿಯಲ್ಲಿ ನೇತಾಡುತ್ತಿರುವ ಈ ನಾಟಕದ ಮಂದಿಗೆ ಅಂಥ ಋಷಿ ಯಾರೂ ಸಿಕ್ಕಿರಲಿಲ್ಲ.

ನಾಟಕ ಜಯಂತ ಪವಾರರದು. 1997ರಲ್ಲಿ ಮಂಗೇಶ್ ಕದಮ್ ಅವರ ನಿರ್ದೇಶನದಲ್ಲಿ ಮರಾಠಿ ರಂಗಭೂಮಿಗೆ ಬಂತು. ಪವಾರರು ಗಿರಣಿಗಳ ನಡುವೆಯೇ ಬೆಳೆದವರು, ವೃತ್ತಿಯಿಂದ ಪತ್ರಕರ್ತರು. ‘ಮಹಾರಾಷ್ಟ್ರ ಟೈಮ್ಸ್’ನಲ್ಲಿ ಅವರು ಬರೆಯುತ್ತಿದ್ದ ನಾಟಕ ವಿಮರ್ಶೆಗಳನ್ನು ಓದಿಯೇ ನನ್ನಂಥ ಎಷ್ಟೋ ಕನ್ನಡಿಗರು ಯಾವ ಮರಾಠಿ ನಾಟಕಕ್ಕೆ ಟಿಕೆಟ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತಿದ್ದೆವು. ಅವರನ್ನು ನಾನು ಮುಖತಃ ಕಂಡವನಲ್ಲ. 2021ರ ಆಗಸ್ಟ್ 29ರಂದು ಅವರು ತೀರಿಕೊಂಡ ಸುದ್ದಿ ಓದಿದಾಗ, ಕಪಾಟಿನಲ್ಲಿದ್ದ ‘ಅಧಾಂತರ’ವನ್ನು ಕನ್ನಡಕ್ಕೆ ತರಬೇಕೆಂದು ಇಪ್ಪತ್ತು ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದದ್ದು ನೆನಪಾಗಿ ಸಂಕೋಚವಾಯಿತು. ಸಂಕೋಚ ಕೆಲಸವಾಗಲು ಮತ್ತೆ ಕೆಲವು ವರ್ಷ ಹಿಡಿಯಿತು. ಈಗ ಮಾಡುತ್ತಿರುವುದೂ ಪ್ರಕಟಣೆಗಲ್ಲ. ಮಾಟುಂಗದ ಒಂದು ಕೋಣೆಯಲ್ಲಿ ಭಾನುವಾರ ಸಂಜೆ ಸೇರುವ ಹತ್ತು-ಹನ್ನೆರಡು ಮಂದಿಯ ಓದಿಗಾಗಿ ಮಾತ್ರ.

ಊರಿನಲ್ಲಿರುವ ಓದುಗರಿಗೆ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮುಂಬಯಿಯ ಮೊದಲ ಹತ್ತಿ ಗಿರಣಿ 1850ರ ದಶಕದಲ್ಲಿ ತಾರ್ದೇವಿನಲ್ಲಿ ಶುರುವಾಯಿತು. ಮುಂದಿನ ನೂರು ವರ್ಷಗಳಲ್ಲಿ ಭಾಯಖಳಾದಿಂದ ಪರೇಲಿನವರೆಗೆ, ಶಿವಡಿಯಿಂದ ವರಳಿಯವರೆಗೆ ಗಿರಣಿಗಳ ಚಿಮಣಿಗಳು ಎದ್ದವು. ಅವುಗಳ ಸುತ್ತ ಚಾಳುಗಳು, ಖಾನಾವಳಿಗಳು, ಭಜನಾ ಮಂಡಳಿಗಳು, ವ್ಯಾಯಾಮಶಾಲೆಗಳು ಬೆಳೆದವು. ಆ ಪ್ರದೇಶಕ್ಕೇ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದು ಹೆಸರಾಯಿತು. 1982ರ ಜನವರಿ 18ರ ಸೋಮವಾರ ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೆಲವು ಗಿರಣಿಗಳಲ್ಲಿ ಅದಕ್ಕೂ ಮೊದಲೇ ಕೆಲಸ ನಿಂತಿತ್ತು. ಕೂಲಿ ಮತ್ತು ಬೋನಸ್ಸಿನ ಬೇಡಿಕೆಗಳ ಜೊತೆಗೆ, 1946ರ ಕಾಯಿದೆಯೊಂದರ ಬಲದಿಂದ ಕಾರ್ಮಿಕರ ಪರವಾಗಿ ಮಾತಾಡುವ ಅಧಿಕಾರ ಒಂದೇ ಸಂಘಕ್ಕೆ ಮೀಸಲಾಗಿದ್ದುದರ ವಿರುದ್ಧದ ಸಿಟ್ಟೂ ಅದರಲ್ಲಿತ್ತು. ಆ ಮುಷ್ಕರ ಗೆಲ್ಲಲಿಲ್ಲ. ವಿಚಿತ್ರವೆಂದರೆ ಅದನ್ನು ವಿಧಿವತ್ತಾಗಿ ಹಿಂತೆಗೆದುಕೊಳ್ಳಲೂ ಇಲ್ಲ. ಕಾಗದದ ಮೇಲೆ ಅದು ಎಲ್ಲಿಯೂ ಮುಗಿಯದೆ ಹಾಗೆಯೇ ತೂಗಾಡಿತು. ಸಾಮಂತರ ಕೊಲೆಯಾದದ್ದು 1997ರ ಜನವರಿ 16ರಂದು, ಮುಷ್ಕರಕ್ಕೆ ಹದಿನೈದು ವರ್ಷ ತುಂಬಲು ಎರಡು ದಿನ ಇರುವಾಗ. ‘ಅಧಾಂತರ’ ರಂಗಕ್ಕೆ ಬಂದದ್ದೂ ಅದೇ ವರ್ಷ.

ಮುಷ್ಕರದ ಕಾಲದಲ್ಲಿ ನನಗೆ ಹದಿನೇಳು. ಅಪ್ಪ ಲಾಲಬಾಗಿನ ಒಂದು ಗಲ್ಲಿಯ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಹೋಟೆಲು ಅವರದಲ್ಲ, ನಮ್ಮ ಊರ ಕಡೆಯವರೊಬ್ಬರದು. ರಾತ್ರಿ ಶಾಲೆಗೆ ಹೋಗುವ ಮೊದಲು ನಾನೂ ಅಲ್ಲಿ ಒಂದೆರಡು ಗಂಟೆ ನಿಲ್ಲುತ್ತಿದ್ದೆ. ಆ ಹೋಟೆಲಿನ ಒಲೆಗೆ ಗಡಿಯಾರ ಬೇಕಿರಲಿಲ್ಲ. ಪಾಳಿ ಬಿಡುವ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗುವ ಹತ್ತು ನಿಮಿಷ ಮೊದಲು ಚಹಾದ ನೀರು ಏರಬೇಕು, ಉಸಳಿನ ಪಾತೆಲೆ ಮುಂದಕ್ಕೆ ಬರಬೇಕು. ಭೋಂಗಾ ಕೂಗಿದ್ದೇ ತಡ ಹುಬ್ಬಿಗೂ ಕಿವಿಯ ಕೂದಲಿಗೂ ಹತ್ತಿಯ ಎಳೆ ಅಂಟಿಸಿಕೊಂಡ ಮಂದಿ ಒಳಗೆ ನುಗ್ಗುತ್ತಿದ್ದರು. ಮಗ್ಗದ ಸದ್ದಿನಲ್ಲಿ ಎಂಟು ಗಂಟೆ ಕಳೆದವರಾದ್ದರಿಂದ ಎದುರಿಗೆ ಕೂತವನೊಂದಿಗೂ ಕೂಗಿಯೇ ಮಾತಾಡುತ್ತಿದ್ದರು. ಅವರೆಲ್ಲ ಜಗಳವಾಡುತ್ತಿದ್ದಾರೆ ಎಂದು ಊರಿನಿಂದ ಹೊಸದಾಗಿ ಬಂದ ಮಾಣಿಗಳು ಮೊದಲ ವಾರ ಹೆದರುತ್ತಿದ್ದರು.

ಗಲ್ಲೆಯ ಪಕ್ಕದಲ್ಲಿ ಉದ್ರಿಯ ವಹಿ ಇರುತ್ತಿತ್ತು. ಉದ್ದನೆಯದು, ಕೆಂಪು ಬಟ್ಟೆಯ ಹೊದಿಕೆಯದು. ಅಪ್ಪ ಅದರಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದರು, ಯಾಕೆಂದರೆ ಗಿರಾಕಿಗಳು ಇಣುಕಿದರೂ ಓದಲಾಗಬಾರದು. ಒಂದೇ ಹೆಸರಿನವರು ಏಳೆಂಟು ಮಂದಿ ಇರುತ್ತಿದ್ದರಿಂದ ಹೆಸರಿನ ಮುಂದೆ ಗಿರಣಿಯಲ್ಲಿ ಅವರ ಖಾತೆಯನ್ನು, ಅಂದರೆ ವಿಭಾಗವನ್ನು, ಬರೆಯುವುದು ವಾಡಿಕೆ: ಸಾಂಚಾ, ರಿಂಗ್, ಕಾರ್ಡಿಂಗ್. ಸಾಂಚಾ ಎಂದರೆ ನೇಯ್ಗೆ, ರಿಂಗ್ ಎಂದರೆ ನೂಲುವುದು. ಸಾಂಚಾ ಖಾತೆಯ ಅಡ್ಡಹೆಸರುಗಳು ಬೇರೆ, ರಿಂಗ್ ಖಾತೆಯ ಅಡ್ಡಹೆಸರುಗಳು ಬೇರೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹಿಂದೆ ಲಾಳಿಯ ಕಣ್ಣಿನಿಂದ ನೂಲಿನ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತಾದ್ದರಿಂದ, ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗುತ್ತದೆಂದು ದಲಿತರನ್ನು ನೇಯ್ಗೆ ಖಾತೆಗೆ ಸೇರಗೊಡುತ್ತಿರಲಿಲ್ಲ ಎಂಬುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಅಪ್ಪನ ಉದ್ರಿ ವಹಿಯಲ್ಲಿ ಆ ಇತಿಹಾಸ ಅಂಕಣ ಅಂಕಣವಾಗಿ ಕೂತಿತ್ತು. ಮುಷ್ಕರ ಶುರುವಾದ ಮೊದಲ ತಿಂಗಳುಗಳಲ್ಲಿ ಅಪ್ಪ ಎಂದಿನಂತೆ ಬರೆಯುತ್ತ ಹೋದರು. ಜೂನಿನ ಮಳೆಯ ಹೊತ್ತಿಗೆ ಮಾಲೀಕರು ‘ಸಾಕು ಮಾರಾಯ, ಇನ್ನು ಬರೆಯಬೇಡ’ ಎಂದರು. ಅದಕ್ಕೂ ಮೊದಲೇ ಗಿರಾಕಿಗಳು ಬರುವುದನ್ನು ನಿಲ್ಲಿಸಿದ್ದರು. ಬಹಳಷ್ಟು ಮಂದಿ ಕೊಂಕಣಕ್ಕೋ ಘಟ್ಟದ ಮೇಲಿನ ಹಳ್ಳಿಗಳಿಗೋ ಹೊರಟುಹೋಗಿದ್ದರು. ನಾವು ಗಿರಣಿಯವರಲ್ಲ, ಗಿರಣಿಯವರ ಪಗಾರದ ಮೇಲೆ ಬದುಕಿದವರು. ಆದ್ದರಿಂದ ಆ ಮುಷ್ಕರ ನಮ್ಮ ಮನೆಯಲ್ಲಿ ಉಳಿದದ್ದು ಬಾರದ ಬಾಕಿಯ ರೂಪದಲ್ಲಿ. ಈ ದೂರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1998ರಲ್ಲಿ ದಾದರಿನ ಶಿವಾಜಿ ಮಂದಿರದಲ್ಲಿ ‘ಅಧಾಂತರ’ ನೋಡಲು ಹೋದಾಗ ನಾನು ನಿರೀಕ್ಷಿಸಿದ್ದು ಮೆರವಣಿಗೆ, ಕೆಂಪು ಬಾವುಟ, ಗೇಟಿನ ಮುಂದೆ ಭಾಷಣ. ಕಾರ್ಮಿಕರ ನಾಟಕವೆಂದರೆ ಹಾಗೆಂದು ನಮ್ಮ ಕಣ್ಣು ಪಳಗಿತ್ತು. ಪರದೆ ಎದ್ದಾಗ ಕಂಡದ್ದು ಒಂದು ಖೋಲಿ. ನಾಟಕ ಮುಗಿಯುವವರೆಗೂ ಅದೇ ಖೋಲಿ. ಗಿರಣಿಯಾಗಲಿ, ಅದರ ಒಡೆಯನಾಗಲಿ ರಂಗದ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಇರುವುದು ಧುರಿ ಎಂಬ ಕುಟುಂಬ. ತಾಯಿ ಮನೆಯನ್ನು ಹೇಗೋ ಎಳೆಯುತ್ತಿದ್ದಾಳೆ. ಹಿರಿಯ ಮಗ ಬಾಬಾ ಲೇಖಕನಾಗಬೇಕೆಂದು ಕೂತಿದ್ದಾನೆ. ಮೋಹನನಿಗೆ ಕ್ರಿಕೆಟ್ಟೇ ಪ್ರಪಂಚ. ನರೂ ಗಲ್ಲಿಯ ಗ್ಯಾಂಗಿನ ಕಡೆಗೆ ಜಾರುತ್ತಿದ್ದಾನೆ. ಮಂಜು ಎಂಬ ಮಗಳಿಗೆ ಈ ಮನೆಯಿಂದ ಹೊರಗೆ ಒಂದು ದಾರಿ ಬೇಕು. ತಾಯಿಯ ಪಾತ್ರ ಮಾಡಿದವರು ಜ್ಯೋತಿ ಸುಭಾಷ್. ಅವರು ಅತ್ತದ್ದು ನನಗೆ ನೆನಪಿಲ್ಲ, ಕೆಲಸ ಮಾಡಿದ್ದು ನೆನಪಿದೆ. ಮಾತಿನ ನಡುವೆಯೂ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಅಂದು ನನಗೆ ಸ್ವಲ್ಪ ನಿರಾಸೆಯೇ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡೂವರೆ ಲಕ್ಷ ಜನರ ಮುಷ್ಕರ ಒಂದು ಮನೆಯ ಕಿತ್ತಾಟವಾಗಿ ಕಿರಿದಾಯಿತಲ್ಲ ಎನಿಸಿತ್ತು. ನಾಟಕವನ್ನು ಸಾಲು ಸಾಲಾಗಿ ಕನ್ನಡಕ್ಕೆ ತರಲು ಕೂತ ಮೇಲೆ ನನ್ನ ಎಣಿಕೆ ತಪ್ಪಾಗಿತ್ತೆಂದು ತಿಳಿಯಿತು. ಚಾಳಿನ ಖೋಲಿ ಎಂದರೆ ಸಾಮಾನ್ಯವಾಗಿ 10 ಅಡಿ ಅಗಲ, 12 ಅಡಿ ಉದ್ದ. ಅದರಲ್ಲಿ ಆರು, ಏಳು ಜನ ಹೇಗೆ ಹಿಡಿಸುತ್ತಿದ್ದರು? ಅವರು ಒಟ್ಟಿಗೆ ಇರುತ್ತಿರಲಿಲ್ಲ, ಆದ್ದರಿಂದ ಹಿಡಿಸುತ್ತಿದ್ದರು. ಅಪ್ಪ ಮೊದಲ ಪಾಳಿಗೆ ಹೋದಾಗ ಮಗ ಮೂರನೆಯ ಪಾಳಿ ಮುಗಿಸಿ ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ. ಊರಿನಿಂದ ಬಂದ ಒಂಟಿ ಗಂಡಸರು ಒಟ್ಟಾಗಿ ಬಾಡಿಗೆಗೆ ಹಿಡಿದ ಖೋಲಿಗಳಲ್ಲಂತೂ ಇಪ್ಪತ್ತು ಮೂವತ್ತು ಮಂದಿಯ ಟ್ರಂಕುಗಳಿದ್ದವು, ಮಲಗಲು ಮಾತ್ರ ಸರದಿ. ಗಿರಣಿಯ ಪಾಳಿಯೇ ಆ ಮನೆಗಳ ವಾಸ್ತುವಾಗಿತ್ತು. ಗಿರಣಿ ನಿಂತ ದಿನ ಎಲ್ಲರೂ ಒಂದೇ ಹೊತ್ತಿಗೆ ಮನೆಯಲ್ಲಿದ್ದರು, ಮತ್ತು ಖೋಲಿ ಚಿಕ್ಕದಾಯಿತು.

ಪವಾರರ ನಾಟಕದ ಕಸುಬು ಇರುವುದು ಇಲ್ಲಿ. ಕೆಲಸ ಹೋದದ್ದನ್ನು ಅವರು ಹೇಳುವುದಿಲ್ಲ. ಕೆಲಸಕ್ಕೆ ಹೋಗಬೇಕಾದವರನ್ನೆಲ್ಲ ಹಗಲು ಹೊತ್ತಿನಲ್ಲಿ ಒಂದು ಖೋಲಿಯಲ್ಲಿ ಕೂರಿಸುತ್ತಾರೆ. ಒಬ್ಬನ ಕ್ರಿಕೆಟ್ ಹುಚ್ಚು ಇನ್ನೊಬ್ಬನ ಬರವಣಿಗೆಗೆ ಅಡ್ಡ, ಒಬ್ಬಳ ಗುಟ್ಟು ಉಳಿದವರೆಲ್ಲರ ಕಿವಿಯ ಮೇಲೆ. ಜಗಳಕ್ಕೆ ಪ್ರತ್ಯೇಕ ಕಾರಣ ಬೇಕಾಗುವುದೇ ಇಲ್ಲ. ಮನೆಯೊಳಗಿನ ಮಾತಾಗಿ ಕೇಳಿಸುವ ಪ್ರತಿಯೊಂದು ಸಾಲಿನ ಹಿಂದೆಯೂ ಕೂಗದೆ ಉಳಿದ ಒಂದು ಭೋಂಗಾ ಇದೆ. ಇದನ್ನು ಅರಿಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು. ಶಿವಾಜಿ ಮಂದಿರದಲ್ಲಿ ನನ್ನ ಅಕ್ಕಪಕ್ಕ ಕೂತಿದ್ದ ಪರೇಲಿನವರಿಗೆ ಆಗಲೇ ಅರ್ಥವಾಗಿದ್ದಿರಬೇಕು, ಯಾಕೆಂದರೆ ನಾನು ಅತ್ತಿತ್ತ ನೋಡುತ್ತಿದ್ದಾಗ ಅವರು ಅಲುಗಾಡದೆ ಕೂತಿದ್ದರು.

ಗಿರಣಿ ಕಾರ್ಮಿಕರನ್ನು ಕುರಿತು ಪವಾರರಿಗಿಂತ ಮೊದಲು ಬರೆದವರು ಕಡಿಮೆಯೇನಲ್ಲ. ಅಣ್ಣಾಭಾವು ಸಾಠೆ ಮತ್ತು ಅಮರ ಶೇಖ್ ಹಾಡಿನಲ್ಲಿ, ಲಾವಣಿಯಲ್ಲಿ, ತಮಾಷಾದ ಧಾಟಿಯಲ್ಲಿ ಕಾರ್ಮಿಕನನ್ನು ಬೀದಿಯ ನಡುವೆ ನಿಲ್ಲಿಸಿದರು. ಗಿರಣಿ ಕಾರ್ಮಿಕರೊಬ್ಬರ ಮನೆಯಲ್ಲಿ ಸಾಕುಮಗನಾಗಿ ಬೆಳೆದ ನಾರಾಯಣ ಸುರ್ವೆ ತಮ್ಮ ‘ಮಾಝೇ ವಿದ್ಯಾಪೀಠ್’ನಲ್ಲಿ ಬೀದಿಯನ್ನೇ ತನಗೆ ಕಲಿಸಿದ ವಿಶ್ವವಿದ್ಯಾಲಯವೆಂದರು. ಕನ್ನಡದಲ್ಲಿ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇದೆ. ಮುಂಬಯಿಯ ಈ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಈ ಬರಹಗಳಲ್ಲಿ ಕಾರ್ಮಿಕನಿಗೆ ಕೆಲಸವಿದೆ. ಶೋಷಣೆಯಿದ್ದರೂ ಕೆಲಸವಿದೆ, ಕೆಲಸವಿರುವುದರಿಂದ ಅದನ್ನು ನಿಲ್ಲಿಸುವ ಶಕ್ತಿಯೂ ಇದೆ. ಪವಾರರ ಪಾಲಿಗೆ ಬಂದದ್ದು ಮುಂದಿನ ತಲೆಮಾರು. ನಿಲ್ಲಿಸಲು ಅವರ ಬಳಿ ಕೆಲಸವೇ ಇರಲಿಲ್ಲ. ಕಾರ್ಮಿಕನ ಮಗ ಎಂಬ ಗುರುತು ಇದೆ, ಕಾರ್ಮಿಕ ಎಂಬ ಗುರುತು ಇಲ್ಲ. ಇಂಥವರ ಬಗ್ಗೆ ವೀರಗೀತೆ ಬರೆಯುವುದು ಕಷ್ಟ, ಮರುಕದ ಕತೆ ಬರೆಯುವುದು ತೀರ ಸುಲಭ. ಪವಾರರು ಎರಡನ್ನೂ ಬಿಟ್ಟರು. ಅವರ ನಿರುದ್ಯೋಗಿಗಳು ಸೋಮಾರಿಗಳೂ ಹೌದು, ಸುಳ್ಳರೂ ಹೌದು, ಒಬ್ಬರ ಮೇಲೊಬ್ಬರು ಹರಿಹಾಯುವವರೂ ಹೌದು. ಗ್ಯಾಂಗಿಗೆ ಸೇರಿದ ಹುಡುಗನಿಗೆ ಬಡತನದ ಕ್ಷಮಾಪತ್ರ ಕೊಟ್ಟು ಅವರು ಕೈ ತೊಳೆದುಕೊಳ್ಳುವುದಿಲ್ಲ.

ನನ್ನ ಅನುವಾದ ಮೊದಲು ಮುಗ್ಗರಿಸಿದ್ದು ‘ಮೋರಿ’ಯಲ್ಲಿ. ಚಾಳಿನ ಪ್ರತಿ ಖೋಲಿಯಲ್ಲೂ ಒಂದು ಮೂಲೆಗೆ ಗೇಣುದ್ದದ ಕಟ್ಟೆ ಕಟ್ಟಿ ಪಾತ್ರೆ ತೊಳೆಯಲು, ಮೀಯಲು ಮಾಡಿಕೊಂಡ ಜಾಗಕ್ಕೆ ಇಲ್ಲಿ ಮೋರಿ ಎನ್ನುತ್ತಾರೆ. ಕನ್ನಡದಲ್ಲಿ ಮೋರಿ ಎಂದರೆ ಬೀದಿಯ ಚರಂಡಿ. ತಾಯಿ ಮೋರಿಯಲ್ಲಿ ಕೂತಿದ್ದಾಳೆ ಎಂದು ಬರೆದರೆ ಊರಿನ ಓದುಗ ಬೆಚ್ಚಿಬೀಳುತ್ತಾನೆ. ‘ಬಚ್ಚಲು’ ಎಂದರೆ ಅದಕ್ಕೊಂದು ಗೋಡೆ, ಬಾಗಿಲು ಬಂದುಬಿಡುತ್ತದೆ. ಈ ಮನೆಯಲ್ಲಿ ಇಲ್ಲದ್ದೇ ಆ ಬಾಗಿಲು. ಬೆಳೆದ ಮಗಳು ಮೀಯುವಾಗ ಗಂಡಸರು ಹೊರಗೆ ಗ್ಯಾಲರಿಯಲ್ಲಿ ನಿಲ್ಲಬೇಕಾದ ಮನೆ ಇದು. ಕೊನೆಗೆ ‘ಮೋರಿ’ಯನ್ನೇ ಉಳಿಸಿಕೊಂಡೆ, ಹಾಗೆಯೇ ಅಟ್ಟವನ್ನು ‘ಪೋಟ್‌ಮಾಳಾ’ ಎಂದೇ ಬಿಟ್ಟೆ. ಮುಂಬಯಿ ಕನ್ನಡಿಗರಿಗೆ ಇವು ಪರಕೀಯ ಪದಗಳಲ್ಲ. ನಾವೇ ಇಂಥ ಖೋಲಿಗಳಲ್ಲಿ ಬೆಳೆದವರು.

ಮಾತಿನ ಬಗೆ ಇದಕ್ಕಿಂತ ತೊಡಕಿನದು. ಧುರಿ ಎಂಬುದು ಕೊಂಕಣದ ಕಡೆಯ ಅಡ್ಡಹೆಸರು. ಅಂಥ ತಾಯಂದಿರ ಮರಾಠಿಯಲ್ಲಿ ಆ ಸೀಮೆಯ ರಾಗ ಇರುತ್ತದೆ, ಅದರ ಮೇಲೆ ಲಾಲಬಾಗ್-ಪರೇಲಿನ ಗಟ್ಟಿದನಿ. ನಾನು ಮೊದಲ ಕರಡಿನಲ್ಲಿ ತಾಯಿಗೆ ಕುಂದಾಪುರದ ಕನ್ನಡ ಕೊಟ್ಟಿದ್ದೆ. ಕಡಲ ಕರೆಯದು, ಮೀನು-ಗಂಜಿಯದು, ಸರಿಹೊಂದೀತು ಎಂಬ ಲೆಕ್ಕ. ತಾಯಿಯ ಪಾತ್ರ ಓದಬೇಕಾಗಿದ್ದ ಅಕ್ಕನೊಬ್ಬರು ಕುಂದಾಪುರದವರೇ. ಐವತ್ತು ವರ್ಷಗಳಿಂದ ಶಿವಡಿಯಲ್ಲಿದ್ದಾರೆ. ಎರಡು ಪುಟ ಓದಿ ಹಾಳೆ ಕೆಳಗಿಟ್ಟು, ‘ಅಲ್ಲ ಮಾರಾಯ್ರೇ, ಇವಳು ನಿನ್ನೆ ಬಸ್ಸಿಳಿದು ಬಂದವಳ ಹಾಗೆ ಮಾತಾಡ್ತಾಳಲ್ಲ. ನಾನೇ ಈಗ ಹೀಗೆ ಮಾತಾಡುದಿಲ್ಲ’ ಎಂದರು. ಹಾಗಾದರೆ ಹೇಗೆ ಎಂದು ಕೇಳಿದೆ. ‘ಉಂಬುಕೆ ಬಾ ಅಂತ ಕರೀಲಿಕ್ಕೆ ಸರಿ. ಪಗಾರ, ಭಾಡೆ, ಪೊಲೀಸು ಅಂತ ಬಂದಾಗ ಬಾಯಿ ಇಲ್ಲಿಯದಾಗ್ತದೆ’ ಎಂದರು. ಅವರ ಮಾತನ್ನು ಸೂತ್ರವಾಗಿ ಹಿಡಿದು ತಾಯಿಯ ಭಾಗವನ್ನೆಲ್ಲ ಮತ್ತೆ ಬರೆದೆ: ಅನ್ನ, ಮಕ್ಕಳು, ದೇವರು ಬಂದಲ್ಲಿ ಊರಿನ ಕನ್ನಡ, ದುಡ್ಡು, ಬಾಡಿಗೆ, ಠಾಣೆ ಬಂದಲ್ಲಿ ಮರಾಠಿ-ಹಿಂದಿ ಬೆರೆತ ಮುಂಬಯಿ ಕನ್ನಡ. ಒಂದೇ ವಾಕ್ಯದ ನಡುವೆ ದನಿ ಬದಲಾಗುವುದು ಓದಲು ಸುಲಭವಲ್ಲ, ಆದರೆ ಆಡಿದಾಗ ಸರಿಯಾಗಿ ಕೇಳಿಸುತ್ತದೆ.

ಗೌರವವಾಚಕದ ಕಷ್ಟ ಇನ್ನೊಂದು. ಮರಾಠಿ ಮನೆಯಲ್ಲಿ ಅಣ್ಣನಿಗೂ ತಾಯಿಗೂ ‘ತೂ’ ಎನ್ನುವುದು ಸಹಜ. ಕನ್ನಡದಲ್ಲಿ ನಾನು ಅಣ್ಣನಿಗೆ ‘ಬನ್ನಿ’ ಎಂದು ಶುರುಮಾಡಿ, ಅವನ ಮರ್ಯಾದೆ ಇಳಿದಂತೆ ‘ಬಾ’ ಎಂದು ಮಾಡಬಹುದಿತ್ತು. ಆಸೆ ಹುಟ್ಟಿಸುವ ತಂತ್ರ. ಆದರೆ ಮೂಲದಲ್ಲಿ ಅವನ ಮರ್ಯಾದೆ ಇಳಿಯುವುದು ಸರ್ವನಾಮದಿಂದಲ್ಲ, ಮಾತಿನ ಇರಿತದಿಂದ. ನಾನು ಜಾಣತನ ತೋರಿಸಿದರೆ ಪವಾರರ ಜಾಣತನ ಮರೆಯಾಗುತ್ತದೆಂದು ಎಲ್ಲರಿಗೂ ‘ನೀನು’ ಎಂದೇ ಉಳಿಸಿದೆ.

‘ಅಧಾಂತರ’ದ ನಂತರದ ಪವಾರರ ದಾರಿ ನನಗೆ ಬಹಳ ಯೋಚನೆ ಹಚ್ಚಿದೆ. ಅವರು ನಾಟಕ ಬರೆಯುವುದನ್ನು ನಿಲ್ಲಿಸಲಿಲ್ಲ. ನಗರದ ನೆಲವನ್ನು ನುಂಗುವ ಬಿಲ್ಡರುಗಳ ಕಾಲವನ್ನು ಕುರಿತ ‘ಕಾಯ್ ಡೇಂಜರ್ ವಾರಾ ಸುಟ್ಲಾಯ್’ ಆಮೇಲೆ ಬಂದದ್ದು. ಆದರೆ ಅವರ ಶಕ್ತಿಯೆಲ್ಲ ಕ್ರಮೇಣ ಸಣ್ಣಕತೆಯ ಕಡೆಗೆ ಹರಿಯಿತು. ಸಾಮಾನ್ಯ ಅಳತೆಯ ಕತೆಯಲ್ಲ, ಉದ್ದನೆಯ, ಒಳಗೊಳಗೇ ಮತ್ತೊಂದು ಕತೆ ಹೆಣೆಯುವ ಕತೆ. 2012ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ನಾಟಕಕ್ಕಲ್ಲ, ‘ಫಿನಿಕ್ಸ್‌ಚ್ಯಾ ರಾಖೇತೂನ್ ಉಠಲಾ ಮೋರ್’ ಎಂಬ ಕಥಾಸಂಕಲನಕ್ಕೆ. ಫಿನಿಕ್ಸಿನ ಬೂದಿಯಿಂದ ಎದ್ದ ನವಿಲು. ಫಿನಿಕ್ಸ್ ಎಂಬ ಹೆಸರು ಕೇಳಿದರೆ ಬೇರೆಯವರಿಗೆ ಪುರಾಣದ ಹಕ್ಕಿ ನೆನಪಾಗಬಹುದು, ಮುಂಬಯಿಯವರಿಗೆ ನೆನಪಾಗುವುದು ಲೋವರ್ ಪರೇಲಿನ ಫಿನಿಕ್ಸ್ ಮಿಲ್ಲು ಮತ್ತು ಅದರ ಜಾಗದಲ್ಲಿ ಎದ್ದ ಮಾಲು. ಎದ್ದದ್ದು ಯಾವ ಹಕ್ಕಿ ಎಂಬ ಕುಚೋದ್ಯ ಶೀರ್ಷಿಕೆಯಲ್ಲೇ ಇದೆ.

ಮಾಲು ಎದ್ದದ್ದು ಗಾಳಿಯಲ್ಲಲ್ಲ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿಗಳ ನೆಲವನ್ನು ಮೂರು ಪಾಲು ಮಾಡಿ, ಒಂದು ನಗರದ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ ಎಂದಿದ್ದವು. 2001ರ ತಿದ್ದುಪಡಿ ಈ ಪಾಲನ್ನು ಗಿರಣಿಯೊಳಗೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು. ಗಿರಣಿಯೊಳಗೆ ಖಾಲಿ ಜಾಗವೆಂಬುದು ಎಷ್ಟಿರುತ್ತದೆ? ಗೇಟಿನಿಂದ ಗೋಡೌನಿನವರೆಗೆ ಎಲ್ಲ ಕಟ್ಟಡವೇ. 2006ರಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸುಮಾರು 600 ಎಕರೆ ನೆಲದ ಮಾತು ಇದು. ಕಾರ್ಮಿಕರಿಗೆ ಮನೆ ಹಂಚುವ ಲಾಟರಿ 2012ರಲ್ಲಿ ಶುರುವಾಯಿತು, ಮುಷ್ಕರ ಶುರುವಾಗಿ ಮೂವತ್ತು ವರ್ಷಗಳ ಮೇಲೆ.

ಪವಾರರು ನಾಟಕದಿಂದ ಕತೆಗೆ ಸರಿದದ್ದಕ್ಕೂ ಈ ನೆಲದ ವ್ಯವಹಾರಕ್ಕೂ ಸಂಬಂಧವಿದೆ ಎಂಬುದು ನನ್ನ ಊಹೆ. ಅವರು ಹಾಗೆ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಗಿರಣಗಾಂವಿಗೆ ತನ್ನದೇ ರಂಗಭೂಮಿ ಇತ್ತು. ಗಣೇಶೋತ್ಸವದ ಮಂಟಪದಲ್ಲಿ, ಕಾರ್ಮಿಕ ಕಲ್ಯಾಣ ಮಂಡಳಿಯ ಸ್ಪರ್ಧೆಗಳಲ್ಲಿ, ಸೋಶಿಯಲ್ ಸರ್ವಿಸ್ ಲೀಗಿನವರು 1922ರಲ್ಲಿ ಪರೇಲಿನಲ್ಲಿ ಕಟ್ಟಿಸಿದ ದಾಮೋದರ ನಾಟ್ಯಗೃಹದಲ್ಲಿ ಪಾಳಿ ಮುಗಿಸಿ ಬಂದವರೇ ಬಣ್ಣ ಹಚ್ಚುತ್ತಿದ್ದರು. ನೋಡುವವರೂ ಪಾಳಿ ಮುಗಿಸಿ ಬಂದವರೇ. ಕೊಂಕಣದ ದಶಾವತಾರಿಗಳು ಬಂದರೆ ಬೆಳಗಿನ ಜಾವದವರೆಗೂ ಜನ ಕೂತಿರುತ್ತಿದ್ದರು. ನಮ್ಮ ಹೋಟೆಲಿನ ತುಳುವ ಮಾಣಿಗಳು ಅದನ್ನು ನೋಡಿ ಬಂದು, ಇದು ನಮ್ಮ ಯಕ್ಷಗಾನದ ಬಡ ದಾಯಾದಿ ಎಂದು ಚಾಳಿಸುತ್ತಿದ್ದರು, ಮರುದಿನ ಮತ್ತೆ ಹೋಗುತ್ತಿದ್ದರು. ಆ ಪ್ರೇಕ್ಷಕ ಈಗ ಡೊಂಬಿವಲಿಯಲ್ಲೋ ವಿರಾರಿನಲ್ಲೋ ಊರಿನಲ್ಲೋ ಇದ್ದಾನೆ. ದಾಮೋದರವನ್ನೂ 2023ರಲ್ಲಿ ಮರುನಿರ್ಮಾಣಕ್ಕೆಂದು ಮುಚ್ಚಿದರು. ನಾಟಕಕಾರನಿಗೆ ಎದುರಿಗೆ ಕೂರುವ ಊರು ಬೇಕು. ಕತೆಗಾರನಿಗೆ ಒಬ್ಬ ಓದುಗ ಸಾಕು, ಅವನು ವಿರಾರ್ ಲೋಕಲಿನಲ್ಲಿ ನಿಂತುಕೊಂಡೇ ಓದಬಹುದು.

ಸಿನಿಮಾ ಬೇರೆ ದಾರಿ ಹಿಡಿಯಿತು. ಮಹೇಶ್ ಮಾಂಜ್ರೇಕರ್ 2010ರಲ್ಲಿ ‘ಅಧಾಂತರ’ವನ್ನು ಆಧರಿಸಿ ಮರಾಠಿಯಲ್ಲಿ ‘ಲಾಲಬಾಗ್ ಪರಳ್’, ಹಿಂದಿಯಲ್ಲಿ ‘ಸಿಟಿ ಆಫ್ ಗೋಲ್ಡ್’ ಮಾಡಿದರು. ನಾಟಕ ತೋರಿಸಲು ಒಪ್ಪದ ಎಲ್ಲವೂ ಅದರಲ್ಲಿದೆ: ಗಿರಣಿ, ಮಾಲೀಕ, ಪಿಸ್ತೂಲು, ರಕ್ತ, ಕೊನೆಗೆ ಗಗನಚುಂಬಿ ಕಟ್ಟಡಗಳು. ಕೆಟ್ಟ ಸಿನಿಮಾ ಎನ್ನಲಾರೆ, ಅದನ್ನು ನೋಡಿದ ಮೇಲೆಯೇ ಎಷ್ಟೋ ಎಳೆಯರಿಗೆ ಮುಷ್ಕರ ಎಂಬುದೊಂದು ನಡೆದಿತ್ತೆಂದು ಗೊತ್ತಾಯಿತು. ಆದರೆ ಕ್ಯಾಮೆರಾ ಖೋಲಿಯಿಂದ ಹೊರಗೆ ಹೋದ ಕ್ಷಣ ನಾವು ಉಸಿರಾಡುತ್ತೇವೆ, ಹಾಗೆ ಉಸಿರಾಡಲು ನಾಟಕ ನಮ್ಮನ್ನು ಬಿಡುತ್ತಿರಲಿಲ್ಲ. ಪವಾರರ ‘ವರಣಭಾತಲೋಣಚಾ ನಿ ಕೋನ್ ನಾಯ್ ಕೋಣ್ಚಾ’ ಕತೆಯನ್ನೂ ಮಾಂಜ್ರೇಕರರೇ ಸಿನಿಮಾ ಮಾಡಿದರು. ಅದು ತೆರೆಕಂಡ 2022ರ ಹೊತ್ತಿಗೆ ಕತೆಗಾರರು ಇರಲಿಲ್ಲ.

ಕಳೆದ ಭಾನುವಾರ ಮೊದಲ ಬಾರಿಗೆ ನಾಟಕವನ್ನು ಆರಂಭದಿಂದ ಕೂತು ಓದಿದೆವು. ನಾನು ಮನೆಯಿಂದ ಅಳತೆಯ ಪಟ್ಟಿಯನ್ನೂ ಸೀಮೆಸುಣ್ಣವನ್ನೂ ಒಯ್ದಿದ್ದೆ. ನೆಲದ ಮೇಲೆ 10 ಅಡಿ, 12 ಅಡಿಯ ಚೌಕ ಎಳೆದು, ಒಂದು ಮೂಲೆಗೆ ಮೋರಿ, ಇನ್ನೊಂದು ಮೂಲೆಗೆ ಒಲೆ, ಗೋಡೆಗೆ ಒಂದು ಮಂಚ ಎಂದು ಗುರುತು ಹಾಕಿದೆ. ಓದುವವರು ತಮ್ಮ ತಮ್ಮ ಕುರ್ಚಿ ಎಳೆದುಕೊಂಡು ಒಳಗೆ ಬಂದರು. ನಾಲ್ಕನೆಯ ಕುರ್ಚಿಗೆ ಜಾಗ ಮುಗಿಯಿತು. ಸ್ವಲ್ಪ ಹೊತ್ತು ನಗು, ಸ್ವಲ್ಪ ಹೊತ್ತು ‘ಗೆರೆಯನ್ನು ದೊಡ್ಡದು ಮಾಡಿ ಮಾರಾಯ್ರೇ, ಯಾರು ನೋಡ್ತಾರೆ’ ಎಂಬ ತಕರಾರು. ಶಿವಡಿಯ ಅಕ್ಕ ಮಾತಾಡದೆ ತಮ್ಮ ಕುರ್ಚಿಯನ್ನು ಮಡಚಿ ಹೊರಗಿಟ್ಟು, ಒಲೆಯ ಗುರುತಿನ ಪಕ್ಕ ಕಾಲು ಮಡಚಿ ಕೂತರು. ಉಳಿದವರೂ ಕೂತರು. ನರೂನ ಪಾತ್ರ ಓದುವ ಹುಡುಗ ಮಾತ್ರ ಗೆರೆಯ ಹೊರಗೆ, ಗ್ಯಾಲರಿ ಇರಬೇಕಾದ ಕಡೆ, ಬಾಗಿಲಿಗೆ ಒರಗಿ ನಿಂತ.

ವಿರಾಮ ಬರುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಮೋಹನನ ಪಾತ್ರ ಓದುತ್ತಿದ್ದವರು ನಿವೃತ್ತ ಬ್ಯಾಂಕಿನವರು, ಮೊಣಕಾಲು ನೋವಿನವರು. ಬಾಬಾನ ಮಾತು ನಡೆಯುತ್ತಿರುವಾಗಲೇ ಅವರು ಕಾಲು ಚಾಚಲು ನೋಡಿದರು. ಪಕ್ಕದಲ್ಲಿದ್ದ ಮಂಜು ಹಾಳೆಯಿಂದ ತಲೆಯೆತ್ತದೆ, ಸರಿಯದೆ, ಅವರ ಪಾದವನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದರು. ಇಬ್ಬರೂ ಓದು ನಿಲ್ಲಿಸಲಿಲ್ಲ. ಅದು ನನ್ನ ಹಸ್ತಪ್ರತಿಯಲ್ಲಿ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ.